ಪಿಐಸಿಯು ನರ್ಸ್‌ಗಳು ಏಕೆ ಬಿಟ್ಟು ಹೋಗುತ್ತಿದ್ದಾರೆ? ಉಳಿಸಿಕೊಂಡವರು ಹೇಗೆ ಉಳಿಸಿಕೊಂಡಿರಿ?

ತುಂಗಾತೀರ

ಮಧ್ಯ ಕರ್ನಾಟಕದ ಒಂದು ಖಾಸಗಿ ಆಸ್ಪತ್ರೆಯ ಮಕ್ಕಳ ತೀವ್ರ ನಿಗಾ ಘಟಕದಲ್ಲಿ (ಪಿಐಸಿಯು) ನಾನು ಇನ್‌ಚಾರ್ಜ್ ಸಿಸ್ಟರ್. ಈ ವರ್ಷ ನಮ್ಮ ಘಟಕದಿಂದ ಹೋದವರೆಲ್ಲ ಕೆಲಸ ಚೆನ್ನಾಗಿ ಕಲಿತವರು. ಅವರ ಜಾಗಕ್ಕೆ ಬಂದವರೆಲ್ಲ ಕಾಲೇಜಿನಿಂದ ನೇರವಾಗಿ ಬಂದವರು. ಆಡಳಿತದವರಿಗೆ ಹೇಳಿದರೆ ಸಿಗುವ ಉತ್ತರ ಒಂದೇ: ಹುಡುಗಿಯರು ಮದುವೆಯಾಗಿ ಹೋಗುತ್ತಾರೆ, ಇಲ್ಲವೇ ಹೊರದೇಶಕ್ಕೆ ಹೋಗುತ್ತಾರೆ, ಅದಕ್ಕೆ ನಾವೇನು ಮಾಡುವುದು, ವರ್ಷವರ್ಷವೂ ಹೊಸಬರು ಸಿಗುತ್ತಾರಲ್ಲ ಎಂದು.

ಈ ಮಾತನ್ನು ನಾನು ಒಪ್ಪುವುದಿಲ್ಲ. ಪಿಐಸಿಯು ನರ್ಸ್ ಒಬ್ಬಳ ಜಾಗಕ್ಕೆ ಇನ್ನೊಬ್ಬಳನ್ನು ತಂದು ನಿಲ್ಲಿಸಿದ ಮಾತ್ರಕ್ಕೆ ಆ ಜಾಗ ತುಂಬುವುದಿಲ್ಲ. ಒಂದು ಹಾಸಿಗೆಯಲ್ಲಿ ನಾಲ್ಕು ಕಿಲೋ ತೂಕದ ಕೂಸು, ಪಕ್ಕದಲ್ಲಿ ನಲವತ್ತು ಕಿಲೋ ತೂಕದ ಹುಡುಗ. ಔಷಧ ಒಂದೇ ಆದರೂ ಪ್ರಮಾಣದಲ್ಲಿ ಹತ್ತುಪಟ್ಟು ವ್ಯತ್ಯಾಸ. ದಶಮಾಂಶದ ಚುಕ್ಕೆ ಒಂದು ಸ್ಥಾನ ಆಚೀಚೆ ಆದರೂ ಜೀವಕ್ಕೆ ಅಪಾಯ. ಕೂಸು ತನಗೆ ಏನಾಗುತ್ತಿದೆ ಎಂದು ಹೇಳುವುದಿಲ್ಲ. ಉಸಿರಿನ ಕೊಳವೆ ಅರ್ಧ ಸೆಂಟಿಮೀಟರ್ ಜಾರಿದ್ದು, ಚರ್ಮದ ಬಣ್ಣ ಸ್ವಲ್ಪ ಮಾಸಿದ್ದು, ಅಳುವ ದನಿ ಬದಲಾದದ್ದು, ಇವನ್ನೆಲ್ಲ ನೋಡಿ ತಿಳಿದುಕೊಳ್ಳಬೇಕು. ವೆಂಟಿಲೇಟರ್ ಮೇಲಿರುವ ಮಗುವನ್ನು ಧೈರ್ಯವಾಗಿ ಒಬ್ಬಳ ಕೈಗೆ ಒಪ್ಪಿಸಲು ನನಗೆ ಅವಳ ಜೊತೆ ತಿಂಗಳುಗಟ್ಟಲೆ ಕೆಲಸ ಮಾಡಿರಬೇಕು. ಆ ಹಂತಕ್ಕೆ ಬರುವ ಹೊತ್ತಿಗೆ ಅವಳು ರಾಜೀನಾಮೆ ತಂದು ಕೊಡುತ್ತಾಳೆ.

ಬಿಟ್ಟು ಹೋದವರು ನಿಜವಾದ ಕಾರಣ ಹೇಳಿ. ರಾಜೀನಾಮೆ ಪತ್ರದಲ್ಲಿ ಬರೆಯುವ "ವೈಯಕ್ತಿಕ ಕಾರಣ" ನನಗೆ ಬೇಡ. ಉಳಿಸಿಕೊಂಡವರಿದ್ದರೆ ನೀವು ಮಾಡಿದ್ದೇನು ಎಂದು ಬರೆಯಿರಿ.

ಕಡಲೂರಿನವಳು

ಸಿಸ್ಟರ್, ನಾನು ಬಿಟ್ಟು ಹೋದವಳು. ಕುಂದಾಪುರದ ಕಡೆಯವಳು. ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಯೊಂದರ ಪಿಐಸಿಯುನಲ್ಲಿ ಕೆಲಸ ಕಲಿತೆ. ಈಗ ಇಂಗ್ಲೆಂಡಿನಲ್ಲಿ ಅದೇ ಕೆಲಸ ಮಾಡುತ್ತಿದ್ದೇನೆ. ಸಂಬಳಕ್ಕಾಗಿ ಹೋದಳು ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಸಂಬಳ ಒಂದು ಕಾರಣ ಹೌದು. ಆದರೆ ರಾತ್ರಿ ಡ್ಯೂಟಿಯಲ್ಲಿ ವೆಂಟಿಲೇಟರ್ ಮೇಲಿರುವ ಎರಡು ಮಕ್ಕಳನ್ನು ನನಗೊಬ್ಬಳಿಗೇ ಕೊಡುತ್ತಿರಲಿಲ್ಲ ಎಂದಾಗಿದ್ದರೆ ಇಂಗ್ಲಿಷ್ ಪರೀಕ್ಷೆಗೆ ಓದಲು ನಾನು ಕೂರುತ್ತಲೇ ಇರಲಿಲ್ಲ.

ಎರಡು ಮಕ್ಕಳಿಗೂ ಒಂದೇ ಹೊತ್ತಿಗೆ ಸಕ್ಷನ್, ಅಂದರೆ ಕೊಳವೆಯ ಕಫ ಹೀರಿ ತೆಗೆಯುವುದು, ಬೇಕಾಗುತ್ತದೆ. ಎರಡು ಕಡೆಯೂ ಅಲಾರಂ ಕೂಗುತ್ತದೆ. ಒಂದು ಮಗುವಿನ ಕೊಳವೆಯಲ್ಲಿ ಕಫ ಕಟ್ಟಿದೆ ಎಂದು ಗೊತ್ತಿದ್ದೂ ಇನ್ನೊಂದರ ಕಡೆ ಕೈ ಇರುತ್ತದೆ. ಯಾವ ಮಗುವಿಗೂ ಏನೂ ಆಗದೆ ಬೆಳಗಾದರೂ ಆ ರಾತ್ರಿ ಮನಸ್ಸಿನಿಂದ ಹೋಗುವುದಿಲ್ಲ. ಏನು ಮಾಡಬೇಕೆಂದು ಗೊತ್ತಿದ್ದೂ ಮಾಡಲಾಗದ ಸ್ಥಿತಿ ಅದು. ಆಂಡ್ರ್ಯೂ ಜೇಮ್‌ಟನ್ ಎಂಬ ತತ್ತ್ವಶಾಸ್ತ್ರಜ್ಞ 1984ರಲ್ಲೇ ನರ್ಸ್‌ಗಳ ಈ ಸಂಕಟದ ಬಗ್ಗೆ ಬರೆದು, ಇದನ್ನು ನೈತಿಕ ಸಂಕಟ ಎಂದು ಗುರುತಿಸಿದ್ದಾರೆ. ಇದು ಇಲ್ಲಿಗೆ ಬಂದ ಮೇಲೆ ನನಗೆ ತಿಳಿಯಿತು. ಅಲ್ಲಿದ್ದಾಗ ನನಗೇ ಶಕ್ತಿ ಸಾಲದು ಎಂದುಕೊಂಡಿದ್ದೆ.

ಇಲ್ಲಿ ವೆಂಟಿಲೇಟರ್ ಮೇಲಿರುವ ಮಗುವಿಗೆ ಒಬ್ಬ ನರ್ಸ್ ಎನ್ನುವುದು ಮಾನದಂಡ. ಊಟಕ್ಕೆ ಹೋಗುವಾಗ ಇನ್ನೊಬ್ಬರು ಬಂದು ಮಗುವಿನ ಬಳಿ ನಿಲ್ಲುತ್ತಾರೆ. ಹಾಗೆಂದು ಇಲ್ಲಿ ಎಲ್ಲವೂ ಸುಖವಾಗಿದೆ ಎಂದು ಯಾರೂ ತಿಳಿಯಬೇಡಿ. ಇಲ್ಲೂ ಜನ ಸಾಲುವುದಿಲ್ಲ, ಇಲ್ಲಿನವರೂ ಬಿಟ್ಟು ಹೋಗುತ್ತಾರೆ. ಆದ್ದರಿಂದಲೇ ನಮ್ಮಂಥವರನ್ನು ಕರೆಸಿಕೊಳ್ಳುತ್ತಾರೆ.

ಬಿಸಿಲುನಾಡು

ಕಲಬುರಗಿಯಿಂದ ಬರೆಯುತ್ತಿದ್ದೇನೆ, ಪುರುಷ ನರ್ಸ್. ಕಡಲೂರಿನ ಸಿಸ್ಟರ್ ಮಾತಿಗೆ ಗೌರವ ಕೊಟ್ಟೇ ಹೇಳುತ್ತೇನೆ, ಸಂಬಳದ ಮಾತನ್ನು ಹಿಂದಕ್ಕೆ ಸರಿಸಬೇಡಿ. ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಓದಲು ನಮ್ಮ ತಂದೆ ಸಾಲ ಮಾಡಿದ್ದರು. ಪಿಐಸಿಯುನಲ್ಲಿ ನನ್ನ ಕೈಗೆ ಬರುತ್ತಿದ್ದ ಹಣದಲ್ಲಿ ಬಾಡಿಗೆ ಮತ್ತು ಊಟ ಕಳೆದರೆ ಸಾಲದ ಕಂತಿಗೂ ಉಳಿಯುತ್ತಿರಲಿಲ್ಲ.

ಈ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. ಭಾರತೀಯ ತರಬೇತಿ ಪಡೆದ ನರ್ಸ್‌ಗಳ ಸಂಘ ಹೂಡಿದ್ದ ಪ್ರಕರಣದಲ್ಲಿ ನ್ಯಾಯಾಲಯ 2016ರ ಜನವರಿಯಲ್ಲಿ ಸಮಿತಿ ರಚಿಸಲು ಹೇಳಿತು. ಹಾಗೆ ರಚನೆಯಾದ ಜಗದೀಶ್ ಪ್ರಸಾದ್ ಸಮಿತಿಯ ಶಿಫಾರಸು ಸ್ಪಷ್ಟವಾಗಿದೆ. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಇರಬೇಕು. 100ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ಸಂಬಳಕ್ಕಿಂತ ಆಗುವ ಕಡಿತ ಶೇ. 10ನ್ನು ಮೀರಬಾರದು. 50ರಿಂದ 100 ಹಾಸಿಗೆಗಳಿದ್ದರೆ ಆ ಕಡಿತ ಶೇ. 25ನ್ನು ಮೀರಬಾರದು. 50ಕ್ಕಿಂತ ಸಣ್ಣ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಇಳಿಯಬಾರದು. ಇದನ್ನು ಜಾರಿಗೆ ತರುವುದು ರಾಜ್ಯಗಳಿಗೆ ಬಿಟ್ಟ ವಿಷಯ. ಕೇರಳದಲ್ಲಿ ನರ್ಸ್‌ಗಳು ಬೀದಿಗಿಳಿದು ಹೋರಾಡಿದರು. ಅಲ್ಲಿನ ಸರ್ಕಾರ 2018ರ ಏಪ್ರಿಲ್‌ನಲ್ಲಿ 20,000 ರೂಪಾಯಿ ಕನಿಷ್ಠ ವೇತನದ ಅಧಿಸೂಚನೆ ಹೊರಡಿಸಿತು. ದೇಶದಲ್ಲೇ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಆದರೂ ಅಂಥ ಒಗ್ಗಟ್ಟು ನಮ್ಮಲ್ಲಿ ಬರಲಿಲ್ಲ.

ಇನ್ನೊಂದು ಕಡೆ ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸ್ ನೇಮಕಾತಿಯ ನಾರ್ಸೆಟ್ ಪರೀಕ್ಷೆ ಪಾಸಾದವರಿಗೆ ಮೂಲ ವೇತನವೇ 44,900 ರೂಪಾಯಿ. ಒಂದೇ ಓದು, ಒಂದೇ ಕೆಲಸ. ಹೀಗಿರುವಾಗ ನಮ್ಮ ಘಟಕದ ಪ್ರತಿ ಹುಡುಗನ ಬ್ಯಾಗಿನಲ್ಲೂ ಆ ಪರೀಕ್ಷೆಯ ಪುಸ್ತಕ ಇರುವುದು ಸಹಜ. ನೈಟ್ ಮುಗಿಸಿ ಅದನ್ನೇ ಓದುತ್ತಾ ಕೂರುವ ಹುಡುಗನನ್ನು "ಕೆಲಸದಲ್ಲಿ ಆಸಕ್ತಿ ಇಲ್ಲ" ಎಂದು ಬೈಯುವವರನ್ನು ನೋಡಿದ್ದೇನೆ. ಮೈಯೆಲ್ಲ ಉರಿಯುತ್ತದೆ.

ಮಕ್ಕಳ ವೈದ್ಯ

ನಾನು ಪಿಐಸಿಯು ವೈದ್ಯ. ಇಬ್ಬರು ಹೇಳಿದ್ದೂ ಸರಿ. ಎಷ್ಟು ಮಕ್ಕಳಿಗೆ ಎಷ್ಟು ನರ್ಸ್ ಎನ್ನುವುದರ ಬಗ್ಗೆ ನನಗೆ ಗೊತ್ತಿರುವುದನ್ನು ಸೇರಿಸುತ್ತೇನೆ.

ಲಿಂಡಾ ಏಕೆನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ಫಲಿತಾಂಶ ಎಲ್ಲ ಆಡಳಿತಗಾರರ ಮೇಜಿನ ಮೇಲೂ ಇರಬೇಕು. ಒಬ್ಬ ನರ್ಸ್‌ಗೆ ಒಬ್ಬ ರೋಗಿ ಹೆಚ್ಚಾದಾಗಲೆಲ್ಲ, 30 ದಿನಗಳೊಳಗೆ ರೋಗಿ ಸಾಯುವ ಸಂಭವ ಶೇ. 7ರಷ್ಟು ಏರಿತ್ತು. ನರ್ಸ್ ಬಳಲಿ ಬೇಸತ್ತು ಹೋಗುವ ಸಂಭವ ಶೇ. 23ರಷ್ಟು ಏರಿತ್ತು. ಅವರು ನೋಡಿದ್ದು ಶಸ್ತ್ರಚಿಕಿತ್ಸೆಯ ವಯಸ್ಕ ರೋಗಿಗಳನ್ನು. ಆದರೂ ಒಂದೇ ಕಾರಣ ರೋಗಿಯನ್ನೂ ನರ್ಸನ್ನೂ ಒಟ್ಟಿಗೆ ಕಾಡುತ್ತದೆ ಎನ್ನುವುದು ಅದರಿಂದ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1999ರಲ್ಲಿ ಕಾನೂನು ಮಾಡಿ 2004ರಿಂದ ಜಾರಿಗೆ ತಂದರು. ಐಸಿಯುನಲ್ಲಿ ಒಬ್ಬ ನರ್ಸ್‌ಗೆ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ಕೊಡುವಂತಿಲ್ಲ. ನಮ್ಮಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ತೀವ್ರ ನಿಗಾ ಘಟಕದ ಹಾಸಿಗೆಗೆ ಒಬ್ಬರು, ಪ್ರತಿ ಪಾಳಿಗೆ. ಮಾನದಂಡ ಕಾಗದದ ಮೇಲಿದೆ. ಪಾಲಿಸದಿದ್ದರೆ ಕೇಳುವವರಿಲ್ಲ.

ಅನುಭವ ಎಂದರೇನು ಎಂದು ಆಡಳಿತದವರು ಕೇಳಿದರೆ ಡೆಂಗಿ ಮಗುವಿನ ವಿಷಯ ಹೇಳಿ. ಜ್ವರ ಇಳಿಯುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಅಪಾಯದ ಹೊತ್ತು ಶುರುವಾಗುವುದೇ ಆಗ. ರಕ್ತನಾಳದಿಂದ ದ್ರವ ಸೋರುತ್ತಿರುತ್ತದೆ. ಮೇಲಿನ ಬಿಪಿ ಸರಿಯಾಗಿಯೇ ಕಾಣುತ್ತದೆ, ಆದರೆ ಮೇಲಿನದಕ್ಕೂ ಕೆಳಗಿನದಕ್ಕೂ ನಡುವಿನ ಅಂತರ ಕಡಿಮೆಯಾಗುತ್ತಾ 20ಕ್ಕೆ ಬರುತ್ತದೆ. ಕೈಕಾಲು ತಣ್ಣಗಾಗುತ್ತವೆ. ಮಾನಿಟರ್ ಕೂಗುವ ಮೊದಲೇ ಮಗುವಿನ ಪಾದ ಮುಟ್ಟಿ ನೋಡಿ ನನಗೆ ಫೋನ್ ಮಾಡುವ ನರ್ಸ್ ಎಷ್ಟು ಮಕ್ಕಳನ್ನು ಉಳಿಸಿದ್ದಾಳೆ ಎನ್ನುವ ಲೆಕ್ಕ ಯಾವ ಕಡತದಲ್ಲೂ ಇಲ್ಲ. ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ 2024ರಲ್ಲಿ ನಮ್ಮಂಥ ಘಟಕಗಳನ್ನು ನಿಭಾಯಿಸಿದವರು ಅಂಥ ನರ್ಸ್‌ಗಳು.

ನಮ್ಮ ವೈದ್ಯರ ಕಡೆಯ ದೋಷವನ್ನೂ ಹೇಳಬೇಕು. ಮಗುವಿಗೆ ಇನ್ನು ಚಿಕಿತ್ಸೆ ಮುಂದುವರಿಸಬೇಕೇ ಬೇಡವೇ ಎನ್ನುವ ಮಾತುಕತೆ ಬಾಗಿಲು ಹಾಕಿಕೊಂಡು ನಡೆಯುತ್ತದೆ. ಹನ್ನೆರಡು ಗಂಟೆ ಮಗುವಿನ ಜೊತೆ ಇದ್ದ ನರ್ಸ್ ಅಲ್ಲಿ ಇರುವುದಿಲ್ಲ. ಹೊರಗೆ ಬಂದು ನಾವು ಬರೆದ ಆದೇಶವನ್ನು ನೆರವೇರಿಸಬೇಕಾದವಳು ಮಾತ್ರ ಅವಳೇ. ಎಲ್ಲ ಪಿಐಸಿಯುಗಳಲ್ಲೂ ಆ ಕೋಣೆಯಲ್ಲಿ ಅವಳಿಗೊಂದು ಕುರ್ಚಿ ಇರಬೇಕು.

ಬೆಳಗಿನ ಪಾಳಿ

ನಾನು ಚಿಕ್ಕವಳು, ಪಿಐಸಿಯುಗೆ ಬಂದು ಎರಡನೇ ವರ್ಷ ನಡೆಯುತ್ತಿದೆ. ದೊಡ್ಡವರ ನಡುವೆ ಬರೆಯಲು ಸಂಕೋಚವಾಗುತ್ತದೆ. ಆದರೆ ಡಾಕ್ಟರ್ ಸರ್ ಕುರ್ಚಿಯ ಮಾತು ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಮಗು ಹೋದ ಮೇಲೆ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಕೊಳವೆಗಳನ್ನು ತೆಗೆದು, ಮೈ ಒರೆಸಿ, ಬಟ್ಟೆ ಹಾಕಿ, ತಾಯಿಯ ಕೈಗೆ ಕೊಡುವವರು ನಾವು. ಅಷ್ಟರಲ್ಲಿ ತುರ್ತು ವಿಭಾಗದಿಂದ ಫೋನ್, ಹಾಸಿಗೆ ಖಾಲಿಯಾಯಿತೇ ಎಂದು. ಹಾಸಿಗೆ ಒರೆಸಿ, ವೆಂಟಿಲೇಟರ್ ಕೊಳವೆಗಳ ಸರ್ಕ್ಯೂಟ್ ಬದಲಾಯಿಸಿ, ಮುಂದಿನ ಮಗುವನ್ನು ತೆಗೆದುಕೊಳ್ಳಬೇಕು. ಬೇರೆ ಮಗುವಿಗೆ ಹಾಸಿಗೆ ಬೇಕು ಎನ್ನುವುದು ನನಗೂ ಗೊತ್ತು. ಆದರೆ ಆ ಹದಿನೈದು ನಿಮಿಷ ಯಾರಾದರೂ "ನೀನು ಹೋಗಿ ನೀರು ಕುಡಿದು ಬಾ, ನಾನು ನೋಡಿಕೊಳ್ಳುತ್ತೇನೆ" ಎಂದು ಹೇಳಿದ್ದರೆ ಸಾಕಿತ್ತು. ನಮ್ಮ ಸೀನಿಯರ್ ಒಬ್ಬರು ಹೇಳಿದ್ದು, ಅತ್ತರೆ ಈ ಕೆಲಸಕ್ಕೆ ಆಗುವುದಿಲ್ಲ ಎಂದು. ಈಗ ಅಳು ಬರುವುದಿಲ್ಲ. ಮನೆಯಲ್ಲಿ ತಂಗಿಯ ಮದುವೆಯ ಮಾತು ನಡೆಯುತ್ತಿದ್ದರೂ ಖುಷಿ ಬರುವುದಿಲ್ಲ. ಅದಕ್ಕೇ ಭಯವಾಗುತ್ತದೆ.

ಲಸಿಕೆ ವಿಭಾಗಕ್ಕೆ ವರ್ಗ ಕೇಳೋಣ ಎಂದುಕೊಂಡಿದ್ದೇನೆ. ಈ ಕೆಲಸ ನನಗೆ ಇಷ್ಟ. ಅದನ್ನು ಬಿಡಬೇಕೆಂದರೆ ಸಂಕಟವಾಗುತ್ತದೆ.

ತುಂಗಾತೀರ

ಮಗಳೇ, ನೀನು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಅಳುವುದಕ್ಕೂ ಕೆಲಸದ ಯೋಗ್ಯತೆಗೂ ಸಂಬಂಧವಿಲ್ಲ. ನಿನಗೆ ಹಾಗೆ ಹೇಳಿದವರಿಗೂ ಯಾರೋ ಹಾಗೆಯೇ ಹೇಳಿರುತ್ತಾರೆ.

ನಿನಗೆ ಆಗಿರುವುದು ಅಪರೂಪದ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಬರ್ನ್‌ಔಟ್ ಎಂಬ ಹೆಸರಿನಲ್ಲಿ, ಕೆಲಸದಿಂದ ಹುಟ್ಟುವ ಸ್ಥಿತಿ ಎಂದು ತನ್ನ ರೋಗ ವರ್ಗೀಕರಣದ ಪಟ್ಟಿಯಲ್ಲಿ ವಿವರಿಸಿದೆ: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ್ದು ಸಾಲದು ಎನಿಸುವುದು. ಅದು ಕಾರಣವನ್ನು ಇಟ್ಟಿರುವುದು ಕೆಲಸದ ಜಾಗದ ಒತ್ತಡದಲ್ಲಿ, ನಿನ್ನ ಸ್ವಭಾವದಲ್ಲಿ ಅಲ್ಲ. ಖುಷಿ ಬಾರದಿರುವುದು ವಾರಗಟ್ಟಲೆ ಹಾಗೆಯೇ ಇದ್ದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡು. ಕನ್ನಡದಲ್ಲೇ ಮಾತನಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಅಮೆರಿಕದ ವರ್ಜೀನಿಯಾದಲ್ಲಿ ಜೊನಾಥನ್ ಬಾರ್ಟೆಲ್ಸ್ ಎಂಬ ನರ್ಸ್ ಒಬ್ಬರು ಒಂದು ಪದ್ಧತಿ ಶುರು ಮಾಡಿದರು. ರೋಗಿ ತೀರಿಕೊಂಡ ಮೇಲೆ ಅಲ್ಲಿದ್ದವರೆಲ್ಲ ಸ್ವಲ್ಪ ಹೊತ್ತು ಮೌನವಾಗಿ ನಿಲ್ಲುತ್ತಾರೆ. ಹೋದ ಜೀವಕ್ಕೂ ಶ್ರಮಪಟ್ಟ ಕೈಗಳಿಗೂ ಗೌರವ ಸಲ್ಲಿಸುತ್ತಾರೆ. ನಮ್ಮಲ್ಲಿ ಇದನ್ನು ಶುರು ಮಾಡಿದಾಗ ಆಯಾ, ಟೆಕ್ನಿಷಿಯನ್, ಡಾಕ್ಟರ್ ಎಲ್ಲರೂ ನಿಂತರು. ಖರ್ಚು ಏನೂ ಇಲ್ಲ. ಅದರ ಜೊತೆಗೆ ಆ ಮಗುವನ್ನು ನೋಡಿಕೊಂಡ ನರ್ಸ್‌ಗೆ ಅದೇ ಪಾಳಿಯಲ್ಲಿ ಹೊಸ ಮಗು ಕೊಡುವುದಿಲ್ಲ ಎಂದು ನಾನು ನಿಯಮ ಮಾಡಿದ್ದೇನೆ. ಜನ ಕಡಿಮೆ ಇರುವ ದಿನ ಹೊಸ ಮಗುವನ್ನು ನಾನೇ ತೆಗೆದುಕೊಳ್ಳುತ್ತೇನೆ.

ಒಬ್ಬ ತಂದೆ

ನಾನು ಆಸ್ಪತ್ರೆಯವನಲ್ಲ. ನನ್ನ ಮಗಳು ಗೀಲನ್ ಬಾರೆ ಕಾಯಿಲೆಯಿಂದ ಪಿಐಸಿಯುನಲ್ಲಿ ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದಳು. ನರಗಳ ಆ ಕಾಯಿಲೆ ತೀವ್ರವಾದಾಗ ಮಗುವಿಗೆ ಪೂರ್ತಿ ಎಚ್ಚರ ಇರುತ್ತದೆ, ಎಲ್ಲವೂ ಕೇಳಿಸುತ್ತದೆ, ಆದರೆ ಬೆರಳನ್ನೂ ಆಡಿಸಲಾಗುವುದಿಲ್ಲ. ಒಬ್ಬ ಸಿಸ್ಟರ್ ಅವಳಿಗೆ ಕಣ್ಣು ಮುಚ್ಚಿ ತೆರೆಯುವುದರಲ್ಲೇ ಹೌದು, ಇಲ್ಲ ಎಂದು ಹೇಳಲು ಕಲಿಸಿದರು. ನೋವಿದೆಯೇ, ಪಕ್ಕ ತಿರುಗಿಸಬೇಕೇ, ಅಮ್ಮ ಬೇಕೇ ಎಂದು ಒಂದೊಂದನ್ನೂ ಕೇಳುತ್ತಿದ್ದರು. ಮಗಳು ಈಗ ಶಾಲೆಗೆ ಹೋಗುತ್ತಿದ್ದಾಳೆ. ಆ ಸಿಸ್ಟರ್ ಹೆಸರನ್ನು ಇಂದಿಗೂ ನೆನೆಯುತ್ತಾಳೆ.

ಹೊರಗೆ ಕಾಯುತ್ತಾ ಕುಳಿತಾಗ ನಾನು ನೋಡಿದ್ದು ಇದು. ಬಿಲ್ಲಿನ ಸಿಟ್ಟು, ಡಾಕ್ಟರ್ ಸಿಗಲಿಲ್ಲ ಎನ್ನುವ ಸಿಟ್ಟು, ದೇವರ ಮೇಲಿನ ಸಿಟ್ಟು ಎಲ್ಲವನ್ನೂ ಜನ ತೀರಿಸಿಕೊಳ್ಳುವುದು ಬಾಗಿಲು ತೆರೆದು ಬರುವ ನರ್ಸ್ ಮೇಲೆ. ರಾತ್ರಿ ಎರಡು ಗಂಟೆಗೆ ಆ ಹುಡುಗಿ ಒಬ್ಬಳೇ ಹತ್ತು ಜನರಿಗೆ ಉತ್ತರ ಕೊಡುತ್ತಿದ್ದಳು. ವೈದ್ಯಕೀಯ ಸಿಬ್ಬಂದಿ ಮೇಲೆ ಹಲ್ಲೆ ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದ ಕಾಯ್ದೆ ಇದೆ ಎಂದು ಗೋಡೆಯ ಮೇಲೆ ಬೋರ್ಡ್ ಇತ್ತು. ಬೈಗುಳವನ್ನು ಬೋರ್ಡ್ ತಡೆಯುವುದಿಲ್ಲ. ಮನೆಯವರ ಜೊತೆ ಮಾತನಾಡುವುದಕ್ಕೇ ಒಬ್ಬರನ್ನು ನೇಮಿಸಿ. ದಿನಕ್ಕೆ ಎರಡು ಬಾರಿ, ನಿಗದಿತ ಸಮಯಕ್ಕೆ, ಡಾಕ್ಟರ್ ಬಂದು ಮಗುವಿನ ಸ್ಥಿತಿ ಹೇಳಿದರೆ ಅರ್ಧ ಸಿಟ್ಟು ಹುಟ್ಟುವುದೇ ಇಲ್ಲ.

ಆಡಳಿತ ಕಚೇರಿ

ಇಲ್ಲಿ ಆಡಳಿತದವರ ಮಾತು ಬಂದಿರುವುದರಿಂದ ಉತ್ತರ ಕೊಡುವುದು ನನ್ನ ಜವಾಬ್ದಾರಿ. ಸಣ್ಣ ಊರಿನ ಆಸ್ಪತ್ರೆಯೊಂದರ ಲೆಕ್ಕಪತ್ರ ನೋಡುತ್ತೇನೆ. ಹಾಸಿಗೆಗೆ ಒಬ್ಬ ನರ್ಸ್ ಎಂದು ಬರೆಯುವುದು ಸುಲಭ. ಮೂರು ಪಾಳಿ, ವಾರದ ರಜೆ, ನೈಟ್ ಆಫ್, ಹೆರಿಗೆ ರಜೆ, ಕಾಯಿಲೆ ರಜೆ ಎಲ್ಲ ಸೇರಿದರೆ ಒಂದು ಹಾಸಿಗೆಗೆ ನಾಲ್ಕೈದು ಜನ ಬೇಕು. ಆರು ಹಾಸಿಗೆಯ ಘಟಕಕ್ಕೆ ಸುಮಾರು ಇಪ್ಪತ್ತೈದು ಜನ. ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಬರುವ ಮಕ್ಕಳಿಗೆ ದಿನಕ್ಕೆ ಇಷ್ಟು ಎಂದು ದರ ನಿಗದಿಯಾಗಿದೆ, ಆ ಹಣವೂ ತಡವಾಗಿ ಬರುತ್ತದೆ. ದರ ಏರಿಸದೆ ಜನರನ್ನು ಏರಿಸಿ ಎಂದರೆ ಸಣ್ಣ ಆಸ್ಪತ್ರೆಗಳು ಪಿಐಸಿಯುವನ್ನೇ ಮುಚ್ಚುತ್ತವೆ. ಆಗ ಹಾವೇರಿಯ ಮಗು ಹುಬ್ಬಳ್ಳಿಗೆ, ಚಾಮರಾಜನಗರದ ಮಗು ಮೈಸೂರಿಗೆ ಆಂಬುಲೆನ್ಸ್‌ನಲ್ಲೇ ಹೋಗಬೇಕಾಗುತ್ತದೆ.

ಇಷ್ಟು ಕಾಲ ಕೆಲಸ ಬಿಡುವಂತಿಲ್ಲ ಎಂದು ನಾವು ಬರೆಸಿಕೊಳ್ಳುವ ಬಾಂಡ್ ಬಗ್ಗೆಯೂ ಹೇಳುತ್ತೇನೆ. ತರಬೇತಿ ಕೊಟ್ಟು ಆರು ತಿಂಗಳಿಗೆ ಕಳೆದುಕೊಳ್ಳುವ ನಮಗೆ ಬೇರೆ ದಾರಿ ಏನಿದೆ?

ಬಿಸಿಲುನಾಡು

ಸರ್, ಹಣದ ಲೆಕ್ಕ ಹೇಳಿದ್ದು ಒಳ್ಳೆಯದಾಯಿತು, ಅದರಲ್ಲಿ ಸತ್ಯ ಇದೆ. ಯೋಜನೆಯ ದರದಲ್ಲಿ ನರ್ಸ್‌ಗಳ ಸಂಬಳದ ಪಾಲನ್ನು ಬೇರೆಯಾಗಿ ತೋರಿಸಬೇಕು ಎಂದು ನಾವೂ ನೀವೂ ಸೇರಿ ಸರ್ಕಾರವನ್ನು ಕೇಳಬಹುದು. ಆದರೆ ಬಾಂಡ್ ವಿಷಯದಲ್ಲಿ ಒಪ್ಪಲಾರೆ. ಎಸ್‌ಎಸ್‌ಎಲ್‌ಸಿಯಿಂದ ಡಿಗ್ರಿಯವರೆಗಿನ ನನ್ನ ಮೂಲ ಅಂಕಪಟ್ಟಿಗಳನ್ನು ನಾನು ಮೊದಲು ಕೆಲಸ ಮಾಡಿದ ಜಾಗದಲ್ಲಿ ಬೀರುವಿನೊಳಗೆ ಇಟ್ಟುಕೊಂಡಿದ್ದರು. ಸರ್ಕಾರಿ ಕೆಲಸದ ದಾಖಲೆ ಪರಿಶೀಲನೆಗೆ ಅವು ಸಿಗಲಿಲ್ಲ. ಅವಕಾಶ ತಪ್ಪಿತು. ಅಲ್ಲಿ ನಾನು ಬಾಂಡ್ ಮುಗಿಯುವವರೆಗೆ ಇದ್ದೆ ನಿಜ. ಮನಸ್ಸು ಮಾತ್ರ ಅಂದೇ ಹೊರಗೆ ಹೋಗಿತ್ತು. ಹಾಗೆ ಹಿಡಿದಿಟ್ಟ ನರ್ಸ್ ಕೈಯಲ್ಲಿ ನಿಮ್ಮ ಮಗುವನ್ನು ಕೊಡುತ್ತೀರಾ?

ಪಾಠದ ಕೋಣೆ

ಮಂಗಳೂರಿನ ನರ್ಸಿಂಗ್ ಕಾಲೇಜಿನಲ್ಲಿ ಮಕ್ಕಳ ಶುಶ್ರೂಷೆ ಕಲಿಸುತ್ತೇನೆ. ನಮ್ಮ ವಿದ್ಯಾರ್ಥಿಗಳಿಗೆ ಪಿಐಸಿಯುನಲ್ಲಿ ಸಿಗುವುದು ಕೆಲವೇ ದಿನಗಳು, ಅದರಲ್ಲೂ ಬಹುಪಾಲು ದೂರದಿಂದ ನೋಡುವುದೇ ಆಗುತ್ತದೆ. ಅವರನ್ನು ನೇಮಿಸಿಕೊಂಡ ಎರಡನೇ ವಾರದಲ್ಲೇ ಹಾಸಿಗೆ ಒಪ್ಪಿಸಿದರೆ ಅದು ಈಜು ಬಾರದವರನ್ನು ನೇತ್ರಾವತಿಯ ಮಳೆಗಾಲದ ಪ್ರವಾಹಕ್ಕೆ ಇಳಿಸಿದ ಹಾಗೆ. ಮೊದಲ ತಿಂಗಳುಗಳಲ್ಲಿ ಹೊಸಬರ ಜೊತೆ ಒಬ್ಬ ಅನುಭವಿ ಜೋಡಿಯಾಗಿ ಇರಬೇಕು, ಆ ಅನುಭವಿಗೆ ಕಲಿಸುವುದಕ್ಕೆಂದೇ ಭತ್ಯೆ ಇರಬೇಕು. ಈಗ ಕಲಿಸುವ ಹೊರೆ ಉಳಿದ ಇಬ್ಬರು ಮೂವರು ಸೀನಿಯರ್‌ಗಳ ಮೇಲೆ ಬೀಳುತ್ತದೆ. ತಮ್ಮ ಮಗುವನ್ನೂ ನೋಡಬೇಕು, ಪಕ್ಕದವಳ ಔಷಧದ ಪಂಪಿನ ಲೆಕ್ಕವನ್ನೂ ಪರೀಕ್ಷಿಸಬೇಕು. ಆದ್ದರಿಂದ ಒಬ್ಬಳು ಬಿಟ್ಟರೆ ಅವಳ ಹಿಂದೆ ಇನ್ನೊಬ್ಬಳು ಬಿಡುತ್ತಾಳೆ. ಬಿಡುವುದು ಸಾಲುಸಾಲಾಗಿ ನಡೆಯುವುದಕ್ಕೆ ಇದೇ ಕಾರಣ.

ಬಡ್ತಿಯ ವಿಷಯವೂ ಇದೆ. ಮಗುವಿನ ಪಕ್ಕದಲ್ಲೇ ಇದ್ದುಕೊಂಡು ಮೇಲೇರುವ ದಾರಿ ನಮ್ಮಲ್ಲಿ ಇಲ್ಲ. ಬಡ್ತಿ ಎಂದರೆ ಇನ್‌ಚಾರ್ಜ್ ಆಗುವುದು, ಅಂದರೆ ಪಾಳಿಯ ರೋಸ್ಟರ್, ಸಾಮಾನಿನ ಇಂಡೆಂಟ್, ಆಸ್ಪತ್ರೆಯ ಗುಣಮಟ್ಟ ಮಾನ್ಯತೆಯ ಎನ್‌ಎಬಿಎಚ್ ಕಡತ. ತೀವ್ರ ನಿಗಾದ ನರ್ಸ್ ಪ್ರಾಕ್ಟಿಷನರ್ ಎಂಬ ಎರಡು ವರ್ಷದ ಸ್ನಾತಕೋತ್ತರ ಕೋರ್ಸ್ ಬಂದಿದೆ. ಅದನ್ನು ಮುಗಿಸಿದವರಿಗೆ ಆ ಹುದ್ದೆಯನ್ನೇ ಸೃಷ್ಟಿಸದೆ ಮತ್ತೆ ಸ್ಟಾಫ್ ನರ್ಸ್ ಪಟ್ಟಿಯಲ್ಲಿ ಕೂರಿಸುವುದು ಕಂಡರೆ ಕಲಿಸಿದವಳಿಗೆ ನೋವಾಗುತ್ತದೆ.

ಇನ್ನೊಂದು ಮಾತು ಖಾರವಾಗಿಯೇ ಹೇಳುತ್ತೇನೆ. ನೈಟ್ ಮುಗಿಸಿ ಬಂದವರನ್ನು ತಡೆದು ಒತ್ತಡ ನಿವಾರಣೆಯ ಯೋಗ ಶಿಬಿರಕ್ಕೆ ಕೂರಿಸಬೇಡಿ. ಯೋಗ ಒಳ್ಳೆಯದು, ನಾನೂ ಮಾಡುತ್ತೇನೆ. ಆ ಹೊತ್ತಿಗೆ ಅವರಿಗೆ ಬೇಕಾಗಿರುವುದು ನಿದ್ದೆ. ಹಾಜರಾತಿ ಫೋಟೋ ತೆಗೆದು ಕಡತಕ್ಕೆ ಹಾಕಿದ ಮಾತ್ರಕ್ಕೆ ಸಿಬ್ಬಂದಿಯ ಕ್ಷೇಮ ನೋಡಿಕೊಂಡಂತಾಗುವುದಿಲ್ಲ.

ಹಾಸನದ ಅಮ್ಮ

ನಾನು ಹೆರಿಗೆ ಆದ ಮೇಲೆ ಬಿಟ್ಟವಳು. ತುಂಗಾತೀರ ಸಿಸ್ಟರ್ ಹೇಳಿದ "ಮದುವೆಯಾಗಿ ಹೋಗುತ್ತಾರೆ" ಎನ್ನುವ ಗುಂಪಿಗೆ ನನ್ನನ್ನೂ ಸೇರಿಸಿರುತ್ತಾರೆ. ನಡೆದದ್ದು ಬೇರೆ. ನಮ್ಮಲ್ಲಿ ಬೆಳಿಗ್ಗೆ ಆರು ಗಂಟೆಗಳ, ಮಧ್ಯಾಹ್ನ ಆರು ಗಂಟೆಗಳ, ರಾತ್ರಿ ಹನ್ನೆರಡು ಗಂಟೆಗಳ ಪಾಳಿ. ನಾನು ಕೇಳಿದ್ದು ಮಗುವಿಗೆ ಎರಡು ವರ್ಷ ತುಂಬುವವರೆಗೆ ಬೆಳಗಿನ ಪಾಳಿ ಮಾತ್ರ. ಸಂಬಳ ಕಡಿಮೆ ಮಾಡಿದರೂ ಒಪ್ಪಿಗೆ ಎಂದೆ. ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂದು ಬಿಟ್ಟರು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕಿತ್ತು. ಮಕ್ಕಳ ಘಟಕ ಇರುವ ಆಸ್ಪತ್ರೆಯಲ್ಲಿ ನರ್ಸ್‌ನ ಮಗುವಿಗೆ ಜಾಗ ಇರಲಿಲ್ಲ.

ತಾಯಿಯಾದ ಮೇಲೆ ಆ ಕೆಲಸ ಇನ್ನೂ ಕಠಿಣವಾಗುತ್ತದೆ ಎನ್ನುವುದೂ ನಿಜ. ಹಾಸಿಗೆಯಲ್ಲಿರುವ ಮಗು ನಮ್ಮ ಮಗುವಿನ ವಯಸ್ಸಿನದೇ ಆದರೆ ಸೂಜಿ ಹಿಡಿದ ಕೈ ಒಂದು ಕ್ಷಣ ತಡೆಯುತ್ತದೆ. ಆದರೂ ನನಗೆ ಮರಳಿ ಹೋಗುವ ಆಸೆ ಇದೆ. ದೊಡ್ಡ ರಕ್ತನಾಳಕ್ಕೆ ಹಾಕಿದ ಸೆಂಟ್ರಲ್ ಲೈನ್ ನೋಡಿಕೊಳ್ಳುವುದು, ವೆಂಟಿಲೇಟರ್‌ನಿಂದ ಮಗುವನ್ನು ಬಿಡಿಸುವುದು ಯಾವುದನ್ನೂ ಕೈ ಮರೆತಿಲ್ಲ. ನಮ್ಮಂಥವರು ಪ್ರತಿ ಊರಿನಲ್ಲೂ ಮನೆಯಲ್ಲಿ ಕುಳಿತಿದ್ದಾರೆ. ಯಾರೂ ಕರೆಯುತ್ತಿಲ್ಲ.

ಮಕ್ಕಳ ವೈದ್ಯ

ಆಡಳಿತ ಕಚೇರಿಯವರಿಗೆ: ಹಾಸನದ ತಾಯಿಯವರ ಮಾತನ್ನು ಲೆಕ್ಕಪತ್ರದ ಕಣ್ಣಿನಿಂದಲೇ ಇನ್ನೊಮ್ಮೆ ಓದಿ. ಹೊಸಬರನ್ನು ತಯಾರು ಮಾಡುವ ತಿಂಗಳುಗಳ ಸಂಬಳ, ಆ ಅವಧಿಯಲ್ಲಿ ಹೆಚ್ಚುವ ಸೋಂಕು, ಮಗು ಘಟಕದಲ್ಲಿ ಹೆಚ್ಚಾಗಿ ಉಳಿಯುವ ದಿನಗಳು, ಇವೆಲ್ಲ ನಿಮ್ಮ ಖರ್ಚಿನ ಪಟ್ಟಿಯಲ್ಲಿ "ನರ್ಸ್ ಬಿಟ್ಟು ಹೋದದ್ದು" ಎಂಬ ಹೆಸರಿನಲ್ಲಿ ಕಾಣುವುದಿಲ್ಲ, ಬೇರೆ ಬೇರೆ ಹೆಸರಿನಲ್ಲಿ ಹಂಚಿಹೋಗಿರುತ್ತವೆ. ಒಂದು ವರ್ಷದ್ದನ್ನು ಒಟ್ಟುಗೂಡಿಸಿ ನೋಡಿ. ಆ ಹಣದಲ್ಲಿ ಬೆಳಗಿನ ಪಾಳಿಯ ಹುದ್ದೆಗಳನ್ನು ಕೊಡಬಹುದು ಎನ್ನುವುದು ನನ್ನ ನಂಬಿಕೆ.

ಆಡಳಿತ ಕಚೇರಿ

ಲೆಕ್ಕ ಮಾಡುತ್ತೇನೆ, ಡಾಕ್ಟರೇ. ಮೂಲ ಅಂಕಪಟ್ಟಿ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲೂ ಇದೆ. ಕಲಬುರಗಿಯವರ ಮಾತು ಓದಿದ ಮೇಲೆ ಅದನ್ನು ನಿಲ್ಲಿಸುವ ಪ್ರಸ್ತಾಪವನ್ನು ಮಾಲೀಕರ ಮುಂದೆ ಇಡುತ್ತೇನೆ. ಒಪ್ಪುತ್ತಾರೆ ಎಂದು ಭರವಸೆ ಕೊಡಲಾರೆ.

ಬೆಳಗಿನ ಪಾಳಿ

ಒಂದು ಪ್ರಶ್ನೆ ಕೇಳಬಹುದೇ? ರಾತ್ರಿ ನನಗೆ ಈಗಾಗಲೇ ಒಂದು ವೆಂಟಿಲೇಟರ್ ಮಗು ಇರುವಾಗ ಇನ್ನೊಂದನ್ನು ಕೊಟ್ಟರೆ ಬೇಡ ಎನ್ನುವುದು ಹೇಗೆ? ಬೇಡ ಎಂದರೆ ಸೋಮಾರಿ ಎನ್ನುತ್ತಾರೆ. ಒಪ್ಪಿಕೊಂಡು ಏನಾದರೂ ಆದರೆ ನನ್ನ ಹೆಸರಿನಲ್ಲೇ ಇನ್ಸಿಡೆಂಟ್ ರಿಪೋರ್ಟ್ ಬರೆಯುತ್ತಾರೆ.

ತುಂಗಾತೀರ

ಬೇಡ ಎಂದು ಹೇಳಬೇಡ, ಮಗುವನ್ನು ಬಿಟ್ಟು ನಿಲ್ಲಲು ನಮ್ಮಿಂದ ಆಗುವುದೂ ಇಲ್ಲ. ಆ ಮಾತಿನ ಬದಲು ಸ್ಥಿತಿಯನ್ನು ಹೇಳು: "ನಾಲ್ಕನೇ ಹಾಸಿಗೆಯ ಮಗುವಿಗೆ ಎರಡು ಇನೊಟ್ರೋಪ್ (ಹೃದಯಕ್ಕೆ ಬಲ ಕೊಡುವ ಔಷಧ) ಹೋಗುತ್ತಿದೆ, ಗಂಟೆಗೊಮ್ಮೆ ಸಕ್ಷನ್ ಬೇಕು. ಐದನೇ ಹಾಸಿಗೆಯನ್ನು ತೆಗೆದುಕೊಂಡರೆ ಇದನ್ನು ಸಮಯಕ್ಕೆ ಮಾಡಲಾಗುವುದಿಲ್ಲ. ಯಾರನ್ನು ಕಳುಹಿಸುತ್ತೀರಿ?" ಇಷ್ಟನ್ನು ಡ್ಯೂಟಿ ಡಾಕ್ಟರ್‌ಗೂ ನೈಟ್ ಸೂಪರ್‌ವೈಸರ್‌ಗೂ ಹೇಳು. ಹೇಳಿದ ಸಮಯ, ಯಾರಿಗೆ ಹೇಳಿದೆ, ಅವರು ಏನೆಂದರು ಎನ್ನುವುದನ್ನು ಹ್ಯಾಂಡ್‌ಓವರ್ ಪುಸ್ತಕದಲ್ಲಿ ಬರೆದು ಸಹಿ ಮಾಡು. ಅಪಾಯದ ಔಷಧಗಳನ್ನು ಇನ್ನೊಬ್ಬರ ಕಣ್ಣಿಗೆ ತೋರಿಸದೆ ಪಂಪಿಗೆ ಹಾಕಬೇಡ, ಎಷ್ಟೇ ಅವಸರ ಇದ್ದರೂ ಸರಿ.

ಕಡಲೂರಿನವಳು

ಸಿಸ್ಟರ್ ಹೇಳಿದಂತೆ ಬರೆದಿಡುವುದನ್ನು ಒಬ್ಬಳೇ ಮಾಡಿದರೆ ತಕರಾರಿನವಳು ಎನ್ನುತ್ತಾರೆ. ಪಾಳಿಯ ಎಲ್ಲರೂ ಬರೆಯಲು ಮಾತನಾಡಿಕೊಳ್ಳಿ. ತಿಂಗಳ ಕೊನೆಗೆ ಆ ಪುಟಗಳನ್ನು ಒಟ್ಟಿಗೆ ಇಟ್ಟರೆ ಯಾವ ರಾತ್ರಿಗಳಲ್ಲಿ, ಯಾವ ಋತುವಿನಲ್ಲಿ ಜನ ಕಡಿಮೆ ಬೀಳುತ್ತಾರೆ ಎಂದು ಆಡಳಿತದವರಿಗೂ ಕಾಣುತ್ತದೆ.

ಹಾಸನದ ಅಮ್ಮ

ತುಂಗಾತೀರ ಸಿಸ್ಟರ್, ನೇರವಾಗಿ ಕೇಳುತ್ತೇನೆ. ನಿಮ್ಮ ಘಟಕದಲ್ಲಿ ಬೆಳಗಿನ ಪಾಳಿಯ ಹುದ್ದೆ ಮಾಡಲು ಒಪ್ಪಿಸುವುದು ಸಾಧ್ಯವೇ? ನನ್ನ ತವರು ನಿಮ್ಮ ಕಡೆಯೇ. ಅಮ್ಮ ಮಗುವನ್ನು ನೋಡಿಕೊಳ್ಳುತ್ತಾರೆ.

ತುಂಗಾತೀರ

ಎರಡು ಹುದ್ದೆ ಕೇಳಿ ಇವತ್ತೇ ಪತ್ರ ಬರೆದೆ. ಡೆಂಗಿಯ ತಿಂಗಳುಗಳಲ್ಲಿ ಬೆಳಿಗ್ಗೆ ರೌಂಡ್ಸ್, ರಕ್ತ ಪರೀಕ್ಷೆ, ಸ್ಕ್ಯಾನ್‌ಗೆ ಕರೆದೊಯ್ಯುವುದು ಎಲ್ಲ ಒಟ್ಟಿಗೆ ಬೀಳುವುದರಿಂದ ಆ ಹೊತ್ತಿಗೆ ಅನುಭವಿಗಳು ಬೇಕು ಎಂದು ಕಾರಣ ಕೊಟ್ಟಿದ್ದೇನೆ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ನವೀಕರಣ ಆಗಿದೆಯೇ ನೋಡಿಕೊಳ್ಳಿ, ಆಗಿರದಿದ್ದರೆ ಈಗಲೇ ಅರ್ಜಿ ಹಾಕಿ. ಹಳೆಯ ಆಸ್ಪತ್ರೆಯ ಅನುಭವ ಪತ್ರದಲ್ಲಿ ಪಿಐಸಿಯು ಎಂದು ಸ್ಪಷ್ಟವಾಗಿ ಬರೆದಿರಬೇಕು. ಬರೀ ಸ್ಟಾಫ್ ನರ್ಸ್ ಎಂದಿದ್ದರೆ ತಿದ್ದಿಸಿ ತನ್ನಿ. ಉತ್ತರ ಬಂದ ಕೂಡಲೇ ಇಲ್ಲೇ ತಿಳಿಸುತ್ತೇನೆ.